ಜೇಬಿನಲ್ಲಿ ಸಿಕ್ಕಿದ ಪೊಟ್ಟಣ

ಎರಡು ತಿಂಗಳ ಹಿಂದೆ ನಮ್ಮ ಮೊಹಲ್ಲಾದ ಜಮಾಅತ್ ಸಭೆಯಲ್ಲಿ ಒಂದು ಠರಾವು ಚರ್ಚೆಗೆ ಬಂತು. ಗಾಂಜಾ, ಎಂಡಿಎಂಎ ಮುಂತಾದ ಅಮಲು ಪದಾರ್ಥಗಳೊಂದಿಗೆ ಯಾರಾದರೂ ಸಿಕ್ಕಿಬಿದ್ದರೆ ಆ ಮನೆಯ ನಿಕಾಹ್‌ಗೆ ಜಮಾಅತ್ ಸಹಕರಿಸಬಾರದು, ಸಿಕ್ಕಿದ್ದು ಎಷ್ಟೇ ಕಡಿಮೆಯಿರಲಿ ರಿಯಾಯಿತಿ ಇರಬಾರದು ಎಂಬುದು ಅದರ ಸಾರ. ಕಾಸರಗೋಡು ಭಾಗದ ಕೆಲವು ಮಹಲ್ಲ್‌ಗಳು ಕೆಲವು ವರ್ಷಗಳ ಹಿಂದೆಯೇ ಇಂತಹ ತೀರ್ಮಾನ ಕೈಗೊಂಡಿದ್ದವು. ಸಭೆ ಮುಗಿಸಿ ಬಂದ ನಮ್ಮ ಯಜಮಾನರು ಊಟಕ್ಕೆ ಕುಳಿತು ವಿಷಯ ತಿಳಿಸಿದಾಗ ನಾನು, ‘ಒಳ್ಳೆಯದೇ ಆಯಿತು, ಇಷ್ಟಾದರೂ ಭಯ ಬೇಡವೇ?’ ಎಂದಿದ್ದೆ. ನಾನೂ ಮಕ್ಕಳ ತಾಯಿ. ಕಾಲೇಜು ಬಿಟ್ಟು ಮಗ ಅರ್ಧ ತಾಸು ತಡವಾಗಿ ಬಂದರೆ ಎದೆ ಹೊಡೆದುಕೊಳ್ಳುವ ಕಾಲವಿದು.

ಅದಾಗಿ ಮೂರನೆಯ ದಿನ ಮಗ್ರಿಬ್‌ನ ನಂತರ ಪರಿಚಯದ ಸಹೋದರಿಯೊಬ್ಬರು ಮನೆಗೆ ಬಂದರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಬಾಗಿಲು ಹಾಕಿ ಎಂದರು. ಮಗನಿಗೆ ಹತ್ತೊಂಬತ್ತು ವರ್ಷ, ಎರಡನೇ ವರ್ಷದ ಪದವಿ ಓದುತ್ತಿದ್ದಾನೆ. ಅವನ ಪ್ಯಾಂಟನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿದೆ. ಒಳಗೆ ಒಣಗಿದ ಸೊಪ್ಪು. ಮೂಸಿ ನೋಡಿದಾಗಲೇ ಅವರಿಗೆ ಗೊತ್ತಾಗಿದೆ. ‘ನೀನು ಪತ್ರಿಕೆಗೆ ಬರೆಯುವವಳು, ನಿನಗೆ ತಿಳಿದಿರಬೇಕು. ಪೊಲೀಸರಿಗೆ ಹೇಳಬೇಕಾ, ಉಸ್ತಾದರಿಗೆ ಹೇಳಬೇಕಾ, ಅವನ ಬಾಪನಿಗೆ ಹೇಳಬೇಕಾ?’ ಬಾಪ ದಮ್ಮಾಮ್‌ನಲ್ಲಿದ್ದಾರೆ. ಮಗಳ ನಿಕಾಹ್ ನಿಶ್ಚಯವಾಗಿದೆ. ಆ ಪೊಟ್ಟಣ ಎಲ್ಲಿದೆ ಎಂದು ಕೇಳಿದೆ. ಅವರು ಅದಾಗಲೇ ಶೌಚಾಲಯಕ್ಕೆ ಸುರಿದು ಎರಡು ಬಕೆಟ್ ನೀರು ಬಿಟ್ಟಿದ್ದರು.

ನನಗೆ ಉತ್ತರ ಹೊಳೆಯಲಿಲ್ಲ. ಮೂರು ದಿನದ ಹಿಂದೆ ‘ಒಳ್ಳೆಯದೇ ಆಯಿತು’ ಎಂದಿದ್ದ ನಾಲಗೆ ನನ್ನದೇ. ಅಂದು ರಾತ್ರಿಯಿಂದ ಈ ಕಾನೂನಿನ ಪುಸ್ತಕ ಹಿಡಿದು ಕುಳಿತೆ, ತಿಳಿದವರನ್ನು ವಿಚಾರಿಸಿದೆ. ತಿಳಿದುಕೊಂಡದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಏಕೆಂದರೆ ಇಂತಹ ಪೊಟ್ಟಣ ಯಾರ ಮನೆಯ ಬಟ್ಟೆಯ ಬುಟ್ಟಿಯಲ್ಲೂ ಸಿಗಬಹುದು.

ನಮ್ಮ ದೇಶದ ಮಾದಕ ದ್ರವ್ಯ ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, 1985ರ ನವೆಂಬರ್ 14ರಂದು ಜಾರಿಗೆ ಬಂತು. ಅದಕ್ಕೂ ಮೊದಲು ಅನೇಕ ರಾಜ್ಯಗಳಲ್ಲಿ ಸರಕಾರದ ಪರವಾನಿಗೆ ಪಡೆದ ಅಂಗಡಿಗಳಲ್ಲೇ ಗಾಂಜಾ ಮಾರಾಟವಾಗುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ. ಕಾಯ್ದೆ ಆರಂಭದಲ್ಲಿ ಬಹಳ ಒರಟಾಗಿತ್ತು. ತನ್ನ ಸ್ವಂತ ಬಳಕೆಗೆ ಇಟ್ಟುಕೊಂಡದ್ದೆಂದು ಆರೋಪಿಯೇ ಸಾಬೀತು ಮಾಡಬೇಕಿತ್ತು, ಇಲ್ಲದಿದ್ದರೆ ಹೆರಾಯಿನ್‌ನಂತಹ ವಸ್ತುಗಳಿಗೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ. 2001ರಲ್ಲಿ ತಿದ್ದುಪಡಿ ತಂದು ತೂಕಕ್ಕೆ ತಕ್ಕ ಶಿಕ್ಷೆ ಎಂಬ ಮೆಟ್ಟಿಲು ಕಟ್ಟಿದರು. ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ಇವೆರಡರ ನಡುವಿನದ್ದು. ಗಾಂಜಾ ಆದರೆ ಒಂದು ಕಿಲೋದವರೆಗೆ ಅಲ್ಪ, ಇಪ್ಪತ್ತು ಕಿಲೋ ದಾಟಿದರೆ ವಾಣಿಜ್ಯ. ಚರಸ್ 100 ಗ್ರಾಂ ಮತ್ತು ಒಂದು ಕಿಲೋ. ಹೆರಾಯಿನ್ 5 ಗ್ರಾಂ ಮತ್ತು 250 ಗ್ರಾಂ. ಎಂಡಿಎಂಎ ಅಲ್ಪ ಪ್ರಮಾಣವೆಂದರೆ ಅರ್ಧ ಗ್ರಾಂ ಮಾತ್ರ, ಹತ್ತು ಗ್ರಾಂ ಮೀರಿದರೆ ವಾಣಿಜ್ಯ. ಅಲ್ಲಿಗೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ, ಜಾಮೀನು ಸಿಗುವುದು ಕಲ್ಲಿನಲ್ಲಿ ನೀರು ತೆಗೆದಷ್ಟು ಕಷ್ಟ. ಹತ್ತು ಗ್ರಾಂ ಎಂದರೆ ಎಷ್ಟೆಂದು ಅಡುಗೆಮನೆಯಲ್ಲಿರುವ ನಿಮಗೆ ಹೇಳಬೇಕಾಗಿಲ್ಲ, ಎರಡು ಚಮಚ ಸಕ್ಕರೆ. ಅದರಲ್ಲೂ ಬೇರೆ ಪುಡಿ ಬೆರೆಸಿದ್ದರೆ ಆ ಬೆರಕೆಯ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರ ಪೀಠ ತೀರ್ಪು ನೀಡಿದೆ.

ಅಲ್ಪ ಪ್ರಮಾಣಕ್ಕೆ 2014ರವರೆಗೆ ಆರು ತಿಂಗಳವರೆಗೆ ಸಜೆ ಇತ್ತು. ಆ ವರ್ಷದ ತಿದ್ದುಪಡಿ ಅದನ್ನು ಒಂದು ವರ್ಷಕ್ಕೆ ಏರಿಸಿತು. ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಈಗ ಇದು ಸಾಲದು, ಇನ್ನೂ ಬಿಗಿ ಮಾಡಿ ಎಂಬ ಕೂಗು ಎಲ್ಲೆಡೆ ಕೇಳುತ್ತಿದೆ. 2018ರಲ್ಲಿ ಪಂಜಾಬ್ ಸಚಿವ ಸಂಪುಟವು ಮಾದಕ ದ್ರವ್ಯ ಮಾರುವವರಿಗೆ ಮೊದಲ ಅಪರಾಧಕ್ಕೇ ಮರಣದಂಡನೆ ಇರಲಿ ಎಂದು ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಇನ್ನೊಂದು ಕಡೆಯಲ್ಲಿ 2021ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆ ನೇರವಾಗಿ ಉಲ್ಟಾ ಸಲಹೆ ನೀಡಿತು. ಸ್ವಂತ ಬಳಕೆಗೆ ಸ್ವಲ್ಪ ಇಟ್ಟುಕೊಂಡವರನ್ನು ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸಿ ಎಂದಿತು. ಅದೇ ವರ್ಷದ ಚಳಿಗಾಲದ ಅಧಿವೇಶನದಲ್ಲಿ ತಿದ್ದುಪಡಿ ಮಸೂದೆಯೂ ಬಂತು. ಆದರೆ 2014ರಲ್ಲಿ ಆಗಿದ್ದ ಒಂದು ಅಕ್ಷರ ದೋಷವನ್ನು ಸರಿಪಡಿಸಿದ್ದಷ್ಟೇ ಅದರ ಸಾಧನೆ. ಚಿಕಿತ್ಸೆಯ ಮಾತು ಅಲ್ಲಿಗೇ ನಿಂತಿತು.

ಅದೇ ಅಕ್ಟೋಬರ್‌ನಲ್ಲಿ ಟಿವಿಯವರಿಗೆ ಬೇರೆ ಕೆಲಸವಿತ್ತು. ಶಾರುಖ್ ಖಾನರ ಮಗ ಆರ್ಯನ್‌ನನ್ನು ಮುಂಬೈಯ ಹಡಗು ಪ್ರಕರಣದಲ್ಲಿ ಬಂಧಿಸಲಾಗಿತ್ತು. ಅವನ ಬಳಿ ಏನೂ ಸಿಕ್ಕಿರಲಿಲ್ಲ, ಸ್ನೇಹಿತನ ಬಳಿ ಆರು ಗ್ರಾಂ ಚರಸ್ ಸಿಕ್ಕಿತ್ತು. ಅಕ್ಟೋಬರ್ 30ರಂದು ಬಿಡುಗಡೆಯಾಗುವವರೆಗೂ ಅವನು ಕಂಬಿಯ ಹಿಂದಿದ್ದ. 2022ರ ಮೇ ತಿಂಗಳಲ್ಲಿ ಆರೋಪಪಟ್ಟಿ ಸಲ್ಲಿಸುವಾಗ ಅವನ ಹೆಸರೇ ಇರಲಿಲ್ಲ. ಶಾರುಖ್ ಖಾನರ ಮಗನ ಪರವಾಗಿ ಮುಕುಲ್ ರೋಹಟಗಿಯಂತಹ ವಕೀಲರು ನಿಂತರು. ನಮ್ಮ ಗಲ್ಲಿಯ ಹುಡುಗನ ಪರವಾಗಿ ಯಾರು ನಿಲ್ಲುತ್ತಾರೆ? ಅವನ ಉಮ್ಮ ಕಿವಿಯ ಓಲೆ ಅಡವಿಟ್ಟು ವಕೀಲರ ಫೀಸು ಹೊಂದಿಸಬೇಕು. ಪ್ರಕರಣ ಇತ್ಯರ್ಥವಾಗುವವರೆಗೆ ಪಾಸ್‌ಪೋರ್ಟ್ ಕಚೇರಿ ಅರ್ಜಿಯನ್ನು ತಿರಸ್ಕರಿಸಬಹುದು. ಗಲ್ಫ್‌ನ ಆಸೆಯನ್ನೇ ನಂಬಿ ಬದುಕುವ ಮನೆಗಳಿಗೆ ಇದು ಒಂದು ವರ್ಷದ ಸಜೆಗಿಂತಲೂ ದೊಡ್ಡ ಸಜೆ. ಕಾನೂನಿನ ಪುಸ್ತಕದಲ್ಲಿ ಇದನ್ನು ಎಲ್ಲೂ ಬರೆದಿರುವುದಿಲ್ಲ.

ಹಾಗೆಂದು ಬಿಗಿ ಮಾಡಿ ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಒಂದು ಕಿಲೋ ಗಾಂಜಾ ‘ಅಲ್ಪ’ ಎಂಬ ಲೆಕ್ಕವನ್ನು ನೀವೇ ಯೋಚಿಸಿ. ಅಷ್ಟನ್ನು ಒಬ್ಬನೇ ಸೇದುತ್ತಾನೆಯೇ? ಮಾರುವವನು ಒಮ್ಮೆಗೆ ಒಂಬೈನೂರು ಗ್ರಾಂ ಮಾತ್ರ ಹಿಡಿದು ಹೊರಡುತ್ತಾನೆ, ಸಿಕ್ಕಿಬಿದ್ದರೆ ಜಾಮೀನು ಪಡೆದು ಮರುದಿನ ಅದೇ ಶಾಲೆಯ ಗೇಟಿನ ಬಳಿ ನಿಲ್ಲುತ್ತಾನೆ ಎಂಬುದು ಕೇರಳದ ಕಡೆಯಿಂದ ಪದೇ ಪದೇ ಕೇಳಿಬರುವ ದೂರು. ಆ ದೂರು ಸರಿಯಾದದ್ದೇ. ಕಾನೂನು ತಕ್ಕಡಿಯನ್ನು ಮಾತ್ರ ನೋಡುತ್ತದೆ. ಕೈಯಲ್ಲಿರುವುದು ಮಾರಲಿಕ್ಕೋ ಸೇದಲಿಕ್ಕೋ ಎಂಬುದನ್ನು ಸರಿಯಾಗಿ ನೋಡುವುದಿಲ್ಲ. ಮಾರುವವನಿಗೆ ಈ ತಕ್ಕಡಿ ಸಡಿಲವಾಯಿತು, ಸೇದಿ ಕೆಟ್ಟ ಹುಡುಗನಿಗೆ ಬಿಗಿಯಾಯಿತು. ಇದನ್ನು ಸರಿಪಡಿಸಿ ಎಂದು ಕೇಳುವುದು ಬೇರೆ, ಎಲ್ಲರಿಗೂ ಒಂದೇ ಸಮ ಶಿಕ್ಷೆ ಹೆಚ್ಚಿಸಿ ಎನ್ನುವುದು ಬೇರೆ. ಮಕ್ಕಳಿಗೆ ಅಮಲು ಪದಾರ್ಥ ಕೊಡುವವರಿಗೂ, ಮಕ್ಕಳ ಕೈಯಲ್ಲಿ ಮಾರಿಸುವವರಿಗೂ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷಗಳವರೆಗೆ ಕಠಿಣ ಸಜೆ ಇದೆ. ಅದನ್ನು ಪ್ರಯೋಗಿಸಿ ಎಂದು ಠಾಣೆಗೆ ಹೋಗಿ ಕೇಳುವ ಪೋಷಕರು ಎಷ್ಟು ಮಂದಿ ಇದ್ದಾರೆ?

ಹೊರಗಿನ ದೇಶಗಳ ಉದಾಹರಣೆಯನ್ನು ಎರಡೂ ಕಡೆಯವರು ಕೊಡುತ್ತಾರೆ. ಪೋರ್ಚುಗಲ್ 2001ರಲ್ಲಿ ಹತ್ತು ದಿನದ ಬಳಕೆಗೆ ಸಾಲುವಷ್ಟು ಇಟ್ಟುಕೊಳ್ಳುವುದನ್ನು ಕ್ರಿಮಿನಲ್ ಅಪರಾಧಗಳ ಪಟ್ಟಿಯಿಂದ ತೆಗೆಯಿತು. ಆದರೆ ಹುಡುಗನನ್ನು ಸುಮ್ಮನೆ ಮನೆಗೆ ಕಳುಹಿಸಲಿಲ್ಲ. ಕಾನೂನು, ಆರೋಗ್ಯ, ಸಮಾಜಸೇವೆ ತಿಳಿದವರ ಸಮಿತಿಯೊಂದರ ಮುಂದೆ ಅವನು ಹಾಜರಾಗಬೇಕು. ಅಮೆರಿಕದ ಒರೆಗಾನ್ ರಾಜ್ಯದವರು 2020ರಲ್ಲಿ ಮತ ಹಾಕಿ ಜೈಲನ್ನು ತೆಗೆದರು. ಚಿಕಿತ್ಸೆಯ ವ್ಯವಸ್ಥೆ ಸಿದ್ಧವಾಗುವ ಮೊದಲೇ ಕಾನೂನು ಜಾರಿಯಾಯಿತು, ಬೀದಿಯಲ್ಲೇ ಸೇವನೆ ನಡೆಯುತ್ತಿದೆಯೆಂದು ಜನ ರೋಸಿಹೋದರು. 2024ರಲ್ಲಿ ಅದನ್ನು ಮತ್ತೆ ಅಪರಾಧವನ್ನಾಗಿ ಮಾಡಬೇಕಾಯಿತು. ನಮ್ಮವರು ಹೆಚ್ಚಾಗಿರುವ ಯುಎಇ ಮೊದಲಿನಿಂದಲೂ ಕಠಿಣವೆಂದು ಹೆಸರಾದ ದೇಶ. ಅಲ್ಲಿ 2021ರಲ್ಲಿ ತಂದ ಕಾನೂನು ಮೊದಲ ಬಾರಿ ಸಿಕ್ಕಿಬಿದ್ದ ಬಳಕೆದಾರನ ಕನಿಷ್ಠ ಶಿಕ್ಷೆಯನ್ನು ಎರಡು ವರ್ಷದಿಂದ ಮೂರು ತಿಂಗಳಿಗೆ ಇಳಿಸಿತು. ಸಾಗಾಟಗಾರರ ಮೇಲಿನ ಕಠಿಣತೆಯನ್ನು ಮಾತ್ರ ಬಿಡಲಿಲ್ಲ. ಒಬ್ಬ ಸೇದುವವನು, ಇನ್ನೊಬ್ಬ ಸೇದಿಸುವವನು ಎಂಬ ವ್ಯತ್ಯಾಸ ಅರಬ್ ದೇಶಕ್ಕೂ ಗೊತ್ತಾಗಿದೆ.

ಅಮಲು ಹರಾಮ್ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಮದ್ಯಕ್ಕೆ ಅನ್ವಯಿಸುವ ನಿಷೇಧವೇ ಬುದ್ಧಿಯನ್ನು ಮಂಕಾಗಿಸುವ ಎಲ್ಲದಕ್ಕೂ ಅನ್ವಯ. ಗಾಂಜಾ ಸೊಪ್ಪಲ್ಲವೇ, ಮದ್ಯವಲ್ಲವಲ್ಲ ಎಂದು ವಾದಿಸುವ ಹುಡುಗರಿಗೆ ಇದನ್ನು ಮದ್ರಸದಲ್ಲೇ ಹೇಳಿಕೊಡಬೇಕು. ಆದರೆ ಆ ನಿಷೇಧ ಬಂದ ಬಗೆಯನ್ನೂ ಹೇಳಿಕೊಡಬೇಕಲ್ಲವೇ? ಮೊದಲು ಅದರಲ್ಲಿರುವ ಕೆಡುಕು ಅದರ ಲಾಭಕ್ಕಿಂತ ದೊಡ್ಡದು ಎಂಬ ಎಚ್ಚರಿಕೆ ಬಂತು. ನಂತರ ಅಮಲಿನಲ್ಲಿ ನಮಾಝಿಗೆ ನಿಲ್ಲಬೇಡಿ ಎಂಬ ಆಜ್ಞೆ ಬಂತು. ಕೊನೆಗೆ ಪೂರ್ಣ ನಿಷೇಧ. ಪ್ರವಾದಿವರ್ಯರ(ಸ) ಕಾಲದಲ್ಲಿ ಕುಡಿದು ಪದೇ ಪದೇ ಶಿಕ್ಷೆಗೊಳಗಾದ ಒಬ್ಬ ವ್ಯಕ್ತಿಯ ಘಟನೆ ಬುಖಾರಿಯಲ್ಲಿದೆ. ಶಿಕ್ಷೆಯನ್ನೇನೋ ನೀಡಲಾಯಿತು. ಆದರೆ ಅಲ್ಲಿದ್ದ ಒಬ್ಬರು ಅವನನ್ನು ಶಪಿಸಿದಾಗ ಪ್ರವಾದಿವರ್ಯರು(ಸ) ತಡೆದರು. ಅವನು ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನು ಎಂದರು. ಅವನ ಮನೆಯವರನ್ನು ಶಿಕ್ಷಿಸಿದ ಮಾತು ಆ ಘಟನೆಯಲ್ಲಿಲ್ಲ. ನಮ್ಮ ಠರಾವಿನಲ್ಲಿ ತಂಗಿಗೆ ಶಿಕ್ಷೆ. ಅವಳು ಮಾಡಿದ ತಪ್ಪೇನು?

ಈ ಚರ್ಚೆಯಲ್ಲಿ ನಮಗೆ ಬೇರೊಂದು ಹೊರೆಯೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಕೇರಳದ ಪಾಲಾ ಬಿಷಪರು ‘ನಾರ್ಕೋಟಿಕ್ ಜಿಹಾದ್’ ಎಂಬ ಮಾತನ್ನಾಡಿ ದೊಡ್ಡ ವಿವಾದವಾಯಿತು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅಂಕಿಅಂಶ ಮುಂದಿಟ್ಟು ಅದನ್ನು ತಳ್ಳಿಹಾಕಿದರು. 2020ರ ಆರೋಪಿಗಳಲ್ಲಿ ಅರ್ಧದಷ್ಟು ಹಿಂದೂಗಳು, ಮೂರನೇ ಒಂದರಷ್ಟು ಮುಸ್ಲಿಮರು, ಉಳಿದವರು ಕ್ರೈಸ್ತರು. ಈ ಪಿಡುಗಿಗೆ ಧರ್ಮವಿಲ್ಲ ಎಂದರು. ನಮಗೆಲ್ಲ ಸಮಾಧಾನವಾಯಿತು. ಮಂಗಳೂರಿನಲ್ಲಿ 2023ರ ಜನವರಿಯಲ್ಲಿ ಗಾಂಜಾ ಪ್ರಕರಣದಲ್ಲಿ ಸಿಕ್ಕಿದ್ದು ವೈದ್ಯರು ಮತ್ತು ವೈದ್ಯಕೀಯ ವಿದ್ಯಾರ್ಥಿಗಳು ಎಂಬುದನ್ನೂ ನಾವು ನೆನಪಿಸಿಕೊಳ್ಳುತ್ತೇವೆ. ಆದರೆ ಕೇರಳದ ಜನಸಂಖ್ಯೆಯಲ್ಲಿ ನಾವು ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ಆರೋಪಿಗಳಲ್ಲಿ ಮೂರನೇ ಒಂದರಷ್ಟು. ಪೊಲೀಸರು ಯಾರನ್ನು ಹೆಚ್ಚು ತಪಾಸಣೆ ಮಾಡುತ್ತಾರೆ ಎಂಬ ಪ್ರಶ್ನೆಯೂ ಇದೆ ನಿಜ. ಆದರೂ ಬಿಷಪರಿಗೆ ಉತ್ತರ ಕೊಟ್ಟಷ್ಟು ಸುಲಭವಾಗಿ ನಮ್ಮ ಮನಸ್ಸಾಕ್ಷಿಗೆ ಉತ್ತರ ಕೊಡಲಾಗುವುದಿಲ್ಲ.

ಕಾಯ್ದೆಯೊಳಗೆ ನನಗೆ ಸಿಕ್ಕಿದ ಒಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಅದರ 64ಎ ಕಲಮು. ವ್ಯಸನಕ್ಕೆ ಬಿದ್ದವನ ಮೇಲೆ ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಬಂದಿದ್ದರೆ, ಅವನು ತಾನಾಗಿಯೇ ಸರಕಾರಿ ಅಥವಾ ಸರಕಾರದಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ ಆ ಆರೋಪದ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಈ ರಕ್ಷಣೆ ಹೋಗುತ್ತದೆ. 39ನೇ ಕಲಮಿನ ಪ್ರಕಾರ ಶಿಕ್ಷೆಯ ಬದಲು ಚಿಕಿತ್ಸೆಗೆ ಕಳುಹಿಸುವ ಅಧಿಕಾರ ನ್ಯಾಯಾಲಯಕ್ಕೂ ಇದೆ. ಇಷ್ಟು ವರ್ಷಗಳಿಂದ ಪುಸ್ತಕದಲ್ಲಿರುವ ಈ ಬಾಗಿಲನ್ನು ನಮ್ಮೂರಿನ ಎಷ್ಟು ಮಂದಿ ಕಂಡಿದ್ದಾರೋ! ಅದರಲ್ಲೂ ಒಂದು ವಿಚಿತ್ರವಿದೆ. ಇದು ವ್ಯಸನಿಗೆ ಮಾತ್ರ. ಗೆಳೆಯರ ಒತ್ತಾಯಕ್ಕೆ ಮೊದಲ ಬಾರಿ ಸೇದಿದ ಹುಡುಗ ವ್ಯಸನಿಯಲ್ಲ, ಹಾಗಾಗಿ ಅವನಿಗೆ ಈ ಬಾಗಿಲೂ ಇಲ್ಲ. ಪೂರ್ತಿ ಕೆಟ್ಟವನಿಗೆ ಇರುವ ದಾರಿ ಆಗಷ್ಟೇ ಜಾರಿದವನಿಗೆ ಇಲ್ಲ. ಕಾಯ್ದೆ ತಿದ್ದಬೇಕೆನ್ನುವವರು ಮೊದಲು ಇದನ್ನು ತಿದ್ದಲಿ.

ಚಿಕಿತ್ಸೆಯ ಸ್ಥಿತಿಯಾದರೂ ಹೇಗಿದೆ? ಕೇಂದ್ರ ಸರಕಾರಕ್ಕಾಗಿ ದಿಲ್ಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ನಿಷೇಧಿತ ಮಾದಕ ವಸ್ತುಗಳಿಗೆ ದಾಸರಾದ ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆಯುವ ಭಾಗ್ಯ ಸಿಕ್ಕಿದೆ. ಉಳಿದ ಹತ್ತೊಂಬತ್ತು ಮಂದಿಗೆ ಶಿಕ್ಷೆ ಎಷ್ಟು ಹೆಚ್ಚಿಸಿದರೂ ಹಾಸಿಗೆಯೊಂದು ಹುಟ್ಟುವುದಿಲ್ಲ.

ಆ ಸಹೋದರಿಗೆ ನಾನು 14446 ಎಂಬ ಸಂಖ್ಯೆಯನ್ನು ಬರೆದುಕೊಟ್ಟೆ. ಸರಕಾರದ ಉಚಿತ ವ್ಯಸನಮುಕ್ತಿ ಸಹಾಯವಾಣಿ. ಮೊದಲ ದಿನ ಅವರಿಗೆ ಧೈರ್ಯ ಬರಲಿಲ್ಲ. ನಾಲ್ಕನೆಯ ದಿನ ಮಗನನ್ನು ಹತ್ತಿರ ಕೂರಿಸಿಕೊಂಡು, ಬೈಯದೆ, ಪೊಟ್ಟಣ ಸಿಕ್ಕಿದ್ದನ್ನು ಹೇಳಿದರಂತೆ. ಅವನು ಬಹಳ ಹೊತ್ತು ನೆಲ ನೋಡುತ್ತಾ ಕುಳಿತಿದ್ದ. ಮತ್ತೆ ಅತ್ತ. ಆರು ತಿಂಗಳಾಯಿತು ಎಂದ. ಯಾರು ಕೊಡುತ್ತಾರೆ ಎಂದು ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಈಗ ಸರಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹದಿನೈದು ದಿನಕ್ಕೊಮ್ಮೆ ತಾಯಿ ಮಗ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಬುರ್ಖಾದ ಮುಸುಕನ್ನು ಇಳಿಬಿಟ್ಟುಕೊಂಡೇ ಸರತಿಯಲ್ಲಿ ಕೂರುತ್ತೇನೆ, ಊರಿನವರು ಯಾರಾದರೂ ಕಂಡರೆ ಎಂಬ ಹೆದರಿಕೆ ಎಂದರು. ದಮ್ಮಾಮ್‌ಗೆ ಇನ್ನೂ ಹೇಳಿಲ್ಲ.

ಜಮಾಅತ್‌ನ ಠರಾವಿಗೆ ಇನ್ನೂ ಸಹಿ ಬಿದ್ದಿಲ್ಲ. ಮುಂದಿನ ಸಭೆಯಲ್ಲಿ ‘ಮಾರುವವರು’ ಎಂಬ ಒಂದು ಶಬ್ದ ಸೇರಿಸಿ, ಮನೆಯವರನ್ನು ಅದರಿಂದ ಹೊರಗಿಡಿ ಎಂದು ಹೇಳಲು ನಮ್ಮ ಯಜಮಾನರನ್ನು ಒಪ್ಪಿಸಿದ್ದೇನೆ. ಚಿಕಿತ್ಸೆಗೆ ಹೋಗುವವರ ಬಸ್ಸಿನ ಖರ್ಚಿಗಾದರೂ ಬೈತುಲ್‌ಮಾಲ್‌ನಿಂದ ಸ್ವಲ್ಪ ತೆಗೆದಿಡಬಹುದಲ್ಲವೇ ಎಂದೂ ಕೇಳಿ ಎಂದಿದ್ದೇನೆ. ‘ಹೆಂಗಸರ ಮಾತು ಎಂದು ನಗುತ್ತಾರೆ’ ಎಂದರು. ನಗಲಿ ಬಿಡಿ. ಸಭೆ ಬರುವ ಶುಕ್ರವಾರ, ಜುಮಾದ ನಂತರ.