ಥೇಮ್ಸ್ ದಡದಲ್ಲೂ ಕೇಳ್ತಾರೆ, ಮನೆದೇವ್ರು ಯಾವುದು ಅಂತ

"ಎಂಟು ದಿನ ಲಂಡನ್ನಿಗೆ ಹೋಗಿ, ಕೊನೇ ದಿನಾನೂ ಅಂಬೇಡ್ಕರ್ ಮನೆ ಅಂತ ಹೋದ್ರಾ? ಅಲ್ಲೂ ಜಾತಿ ಬಿಡಲ್ವಾ ನೀವು?"

ರಜೆ ಮುಗಿಸಿ ಬಂದ ಮೇಲೆ ನನ್ನ ಸಹೋದ್ಯೋಗಿಯೊಬ್ಬರು ಕೇಳಿದ ಪ್ರಶ್ನೆ ಇದು. ನಗ್ತಾ ನಗ್ತಾನೇ ಕೇಳಿದ್ರು. ಅವರು ಯಾವ ದೇಶಕ್ಕೆ ಹೋದ್ರೂ ಮೊದಲು ದೇವಸ್ಥಾನ ಹುಡುಕ್ತಾರೆ, ಅದು ಸಂಸ್ಕೃತಿ. ನಾನು ನನ್ನವ್ವನನ್ನ ಬಾಬಾಸಾಹೇಬರು ಇದ್ದ ಮನೆಗೆ ಕರ್ಕೊಂಡು ಹೋದ್ರೆ ಅದು ಜಾತಿ! ಇರಲಿ, ಉತ್ತರ ಇಲ್ಲೇ ಕೊಡ್ತೀನಿ, ಎಲ್ಲರೂ ಓದಲಿ.

ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ ಅದು. 1921-22ರಲ್ಲಿ ಅಂಬೇಡ್ಕರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದ್ತಾ ಅಲ್ಲಿದ್ದರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನ ಕೊಂಡುಕೊಂಡಿತು. ಮ್ಯೂಸಿಯಂ ಮಾಡೋಕೆ ಅಲ್ಲಿನ ಸ್ಥಳೀಯ ಆಡಳಿತ ಒಪ್ಪಲಿಲ್ಲ, ಅಕ್ಕಪಕ್ಕದ ಕೆಲವರು ಗಲಾಟೆ ಆಗುತ್ತೆ ಅಂತ ದೂರು ಕೊಟ್ಟಿದ್ದರು. ಕೊನೆಗೆ 2020ರಲ್ಲಿ ಮೇಲ್ಮನವಿಯಲ್ಲಿ ಅನುಮತಿ ಸಿಕ್ಕಿತು.

ಇಷ್ಟೆಲ್ಲ ಅವ್ವನಿಗೆ ಹೇಳಿದೆ. ಕೂಲಿ ಮಾಡಿ ನಮ್ಮನ್ನ ಓದಿಸಿದೋಳು. ಜೀವನದಲ್ಲಿ ಮೊದಲನೇ ಸಲ ವಿಮಾನ ಹತ್ತಿದೋಳು. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು: "ಅವಾಗ ಇವರಿಗೆ ಇಲ್ಲಿ ಬಾಡಿಗೆಗೆ ಮನೆ ಕೊಟ್ರಾ ಮಗ? ಏನೂ ಕೇಳ್ಲಿಲ್ವಾ?"

ಈ ಪ್ರಶ್ನೆಯಲ್ಲಿ ಏನಿದೆ ಅಂತ ನನ್ನ ಸಹೋದ್ಯೋಗಿಗೆ ಗೊತ್ತಾಗೋದು ಕಷ್ಟ. ಅವರು ಯಾವತ್ತೂ "ನಿಮ್ಮದು ಯಾವ ಪೈಕಿ?" ಅಂತ ಕೇಳಿಸಿಕೊಂಡು ಅಡ್ವಾನ್ಸ್ ವಾಪಸ್ ಇಸ್ಕೊಂಡವರಲ್ಲ. ನಾನು ಇಸ್ಕೊಂಡಿದೀನಿ, ಎರಡು ಸಲ.

ಬಾಬಾಸಾಹೇಬರದ್ದೂ ಅದೇ ಕಥೆ. 1917ರಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ವಾಪಸ್ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದವರಿಗೆ ಆ ಊರಲ್ಲಿ ತಲೆ ಮೇಲೊಂದು ಸೂರು ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಉಳಿದುಕೊಂಡರು. 11ನೇ ದಿನ ದೊಣ್ಣೆ ಹಿಡಿದುಕೊಂಡು ಬಂದು ಎಬ್ಬಿಸಿ ಕಳಿಸಿದರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಆ ಬರಹದ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಪಾಸ್‌ಪೋರ್ಟಿಗೆ ಸೀಲು ಒತ್ತಿಸಿಕೊಂಡು ಬರೋ ನಮಗೆ ಇಂಗ್ಲೆಂಡಿನ ವೀಸಾ ಮೂರು ವಾರದಲ್ಲಿ ಸಿಕ್ತು. ನಮ್ಮೂರಿನ ಮೇಲ್ಗೇರಿದು ಇನ್ನೂ ಸಿಕ್ಕಿಲ್ಲ.

ಹಾಗಂತ ಇಂಗ್ಲೆಂಡನ್ನ ಹೊಗಳೋಕೆ ಬರೀತಿಲ್ಲ. ನಮ್ಮನ್ನ ಇನ್ನೂರು ವರ್ಷ ದೋಚಿದ ದೇಶ ಅದು. ಬಣ್ಣ ನೋಡಿ ಮುಖ ತಿರುಗಿಸೋರು ಅಲ್ಲೂ ಇದ್ದಾರೆ. ಜೊತೆಗೆ ನಮ್ಮೋರು ಜಾತಿಯನ್ನೂ ಸೂಟ್‌ಕೇಸಲ್ಲಿ ಮಡಚಿಟ್ಟು ತಗೊಂಡು ಹೋಗಿದ್ದಾರೆ.

ಅದೇ ದಿನ ಸಂಜೆ ಥೇಮ್ಸ್ ದಡದಲ್ಲಿರೋ ಬಸವಣ್ಣನ ಪ್ರತಿಮೆ ನೋಡೋಕೆ ಹೋದ್ವಿ. 2015ರ ನವೆಂಬರಿನಲ್ಲಿ ಅನಾವರಣ ಆದ ಪ್ರತಿಮೆ. ಅಲ್ಲೊಂದು ಕನ್ನಡ ಕುಟುಂಬ ಸಿಕ್ತು. ಪರದೇಶದಲ್ಲಿ ಕನ್ನಡ ಕೇಳಿ ಅವ್ವನಿಗೆ ಖುಷಿಯೋ ಖುಷಿ. ಎರಡು ನಿಮಿಷ ಊರಿನ ಮಾತು, ಮಳೆ ಮಾತು. ಮೂರನೇ ನಿಮಿಷಕ್ಕೆ ಆ ಯಜಮಾನರು ಕೇಳಿದ್ರು: "ನಿಮ್ಮ ಮನೆದೇವ್ರು ಯಾವುದು?"

ಮನೆದೇವ್ರು ಕೇಳೋದು ದೇವರ ಮೇಲಿನ ಭಕ್ತಿಗಲ್ಲ ಅಂತ ಕನ್ನಡನಾಡಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಹರಳಯ್ಯ, ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣವೇ ಹೊತ್ತಿ ಉರಿಯಿತಲ್ಲ, ಆ ಕಲ್ಯಾಣದ ಬಸವಣ್ಣನ ಕಾಲಬುಡದಲ್ಲಿ ನಿಂತು ಕೇಳಿದ ಪ್ರಶ್ನೆ ಇದು. ಅವ್ವ ಮುಚ್ಚುಮರೆ ಇಲ್ಲದೆ ಹೇಳಿದಳು. ಆಮೇಲೆ ಅವರಿಗೆ ಬಸ್ಸಿಗೆ ಹೊತ್ತಾಯ್ತು.

"ವಿದೇಶದಲ್ಲಿ ಜಾತಿ ಎಲ್ಲಿದೆ?" ಅನ್ನೋರು ಇದನ್ನೂ ಕೇಳಿ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಬಣ್ಣ, ರಾಷ್ಟ್ರೀಯತೆ, ಜನಾಂಗೀಯ ಮೂಲದ ತಾರತಮ್ಯಕ್ಕೆ ರಕ್ಷಣೆ ಇದೆ. ಜಾತಿಯನ್ನೂ ಸೇರಿಸಲೇಬೇಕು ಅಂತ 2013ರಲ್ಲಿ ಅಲ್ಲಿನ ಸಂಸತ್ತೇ ಕಾನೂನು ಮಾಡಿತು. ಕೆಲವು ಹಿಂದೂ ಸಂಘಟನೆಗಳು ಸಾಲಾಗಿ ನಿಂತು ವಿರೋಧಿಸಿದವು. 2018ರಲ್ಲಿ ಸರ್ಕಾರ ಹಿಂದೆ ಸರಿಯಿತು, ಕೋರ್ಟ್ ತೀರ್ಪುಗಳೇ ಸಾಕು ಅಂದಿತು. ಜಾತಿ ಇಲ್ಲವೇ ಇಲ್ಲ ಅನ್ನೋದಾದ್ರೆ ಅದರ ವಿರುದ್ಧದ ಕಾನೂನಿಗೆ ಯಾಕ್ರೀ ಇಷ್ಟು ಭಯ?

ಇನ್ನು ನಮ್ಮ ಸರ್ಕಾರದ ವಿಷಯ. ಬಾಬಾಸಾಹೇಬರು ಓದಿದ ಊರಲ್ಲಿ ಕೋಟಿಗಟ್ಟಲೆ ಕೊಟ್ಟು ಮನೆ ಕೊಂಡದ್ದಕ್ಕೆ ಫೋಟೋ, ಭಾಷಣ, ಚಪ್ಪಾಳೆ ಎಲ್ಲಾ ಆಯ್ತು. 2022ರಲ್ಲಿ ಏನು ಮಾಡಿದ್ರು? ದಲಿತ ಮಕ್ಕಳು ವಿದೇಶದಲ್ಲಿ ಓದೋಕೆ ಕೇಂದ್ರ ಕೊಡುವ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್‌ನ ನಿಯಮ ಬದಲಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ಅಧ್ಯಯನಕ್ಕೆ ಹಣ ಇಲ್ಲ ಅಂದ್ರು. 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25ರ ಹುಡುಗ ಅಂಬೇಡ್ಕರ್ ಮಂಡಿಸಿದ ಪ್ರಬಂಧದ ವಿಷಯ ಏನು ಗೊತ್ತಾ? ಭಾರತದ ಜಾತಿಗಳು! ಬರೋಡಾ ಮಹಾರಾಜರ ವಿದ್ಯಾರ್ಥಿವೇತನಕ್ಕೂ ಇಂಥದ್ದೇ ಷರತ್ತು ಇದ್ದಿದ್ರೆ ಆ ಪ್ರಬಂಧ ಎಲ್ಲಿರ್ತಿತ್ತು? ಅಂಬೇಡ್ಕರ್ ಮಲಗಿದ ಮಂಚ ಇವರಿಗೆ ಬೇಕು. ಅಂಬೇಡ್ಕರ್ ಕೇಳಿದ ಪ್ರಶ್ನೆ ಬೇಡ.

ಆದ್ದರಿಂದ ಗೆಳೆಯರೇ, ಕೊನೇ ದಿನದ ಶಾಪಿಂಗ್ ಮಾಡಲಿಲ್ಲ ಅಂತ ನನಗೇನೂ ಬೇಜಾರಿಲ್ಲ. ನೀವು ಹೋದ್ರೆ ಚಾಕ್ ಫಾರ್ಮ್ ಸ್ಟೇಷನ್ನಿನಲ್ಲಿ ಇಳೀರಿ, ನಡೆದೇ ಹೋಗಬಹುದು. ಅಪ್ಪ ಅವ್ವ ಇದ್ರೆ ಕರ್ಕೊಂಡು ಹೋಗಿ, ಮಕ್ಕಳನ್ನಂತೂ ಬಿಟ್ಟು ಹೋಗಬೇಡಿ. ಹೋಗೋಕೆ ಆಗದವರು ಇಷ್ಟು ಮಾಡಿ: ಸ್ಕಾಲರ್‌ಶಿಪ್ಪಿನ ಆ ಷರತ್ತು ಕಿತ್ತುಹಾಕಿ ಅಂತ ನಿಮ್ಮ ಎಂಪಿಗೆ ಒಂದು ಪತ್ರ ಬರೀರಿ. ಏಪ್ರಿಲ್ 14ಕ್ಕೆ ಹಾರ ಹಿಡ್ಕೊಂಡು ನಿಮ್ಮ ಕೇರಿಗೆ ಬರ್ತಾರಲ್ಲ, ಆಗ ಎದುರಿಗೆ ನಿಂತು ಕೇಳಿ, ನಮ್ಮ ಮಕ್ಕಳು ಜಾತಿ ಬಗ್ಗೆ ಓದಬಾರದು ಅಂದೋರು ಯಾರು ಅಂತ.

ಜೈ ಭೀಮ್.