ಮಾತಿಗೂ ಕೂಲಿಯುಂಟು



ಕೆಪೆ, ಕುಡಚಡೆ, ಸಾವರ್ಡೆ ಭಾಗದಲ್ಲಿ ದುಡಿದು ಮಕ್ಕಳನ್ನು ಓದಿಸುವ ನಿಮಗೆ ದಿನಗೂಲಿಯ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ಹಾಜರಿ ಹಾಕದ ಮೇಸ್ತ್ರಿ, ಪಗಾರ ಮುರಿದುಕೊಳ್ಳುವ ಗುತ್ತಿಗೆದಾರ, ಇಬ್ಬರನ್ನೂ ನೀವು ಬಲ್ಲಿರಿ. ಆ ತಿಳಿವಳಿಕೆಯನ್ನು ಈಗ ಹೊಸದೊಂದು ದುಡಿಮೆಗೂ ಬಳಸಬೇಕಾಗಿದೆ. ಆ ದುಡಿಮೆ ನಮ್ಮ ಮಾತು.

ಕೃತಕ ಬುದ್ಧಿಮತ್ತೆಯ ಯಂತ್ರ ತಾನಾಗಿ ಕನ್ನಡ ಕಲಿಯುವುದಿಲ್ಲ. ಜನ ಆಡಿದ ಮಾತು, ಓದಿದ ವಾಕ್ಯ, ತಿದ್ದಿದ ಬರಹ ಅದಕ್ಕೆ ಅಪಾರವಾಗಿ ಬೇಕು. ಇಂಗ್ಲಿಷಿನ ಸರಕು ಅಂತರ್ಜಾಲದಲ್ಲಿ ರಾಶಿ ಬಿದ್ದಿದೆ, ಕನ್ನಡದ್ದು ಕಡಿಮೆ. ಹೀಗಾಗಿ ಮೊಬೈಲ್ ಮೂಲಕ ಹಳ್ಳಿಗರ ದನಿಯನ್ನು ಸಂಗ್ರಹಿಸುವ ಕೆಲಸ ನಡೆದಿದೆ. ‘ಕನ್ನಡ ಕಲಿತರೆ ಏನು ಸಿಗುತ್ತದೆ?’ ಎಂದು ನಮ್ಮನ್ನು ಕೇಳುತ್ತಿದ್ದ ಲೋಕವೇ ಈಗ ಕನ್ನಡಕ್ಕೆ ಗಿರಾಕಿಯಾಗಿದೆ.

ಈ ಕೆಲಸಕ್ಕೆ ಎರಡು ಮುಖಗಳಿವೆ. ಓಪನ್‌ಎಐ ಕಂಪನಿಗಾಗಿ ಸಾಮಾ ಎಂಬ ಗುತ್ತಿಗೆ ಸಂಸ್ಥೆಯಲ್ಲಿ ದುಡಿದ ಕೀನ್ಯಾದ ಕೆಲಸಗಾರರ ಕಥೆಯನ್ನು ಟೈಮ್ ಪತ್ರಿಕೆ 2023ರ ಜನವರಿಯಲ್ಲಿ ಬಯಲಿಗೆ ತಂದಿತು. ಯಂತ್ರ ಕೆಟ್ಟ ಮಾತಾಡದಿರಲೆಂದು ಅವರು ಹಿಂಸೆ, ಕೊಲೆ, ಅತ್ಯಾಚಾರದ ವರ್ಣನೆಗಳನ್ನು ಓದಿ ಗುರುತು ಹಾಕಬೇಕಿತ್ತು. ಕೈಗೆ ಬಂದದ್ದು ಗಂಟೆಗೆ 1.32ರಿಂದ 2 ಡಾಲರ್ ಮಾತ್ರ.

ಅದೇ ವರ್ಷ ಜುಲೈಯಲ್ಲಿ ಅದೇ ಪತ್ರಿಕೆ ಬೆಂಗಳೂರಿನ ‘ಕಾರ್ಯ’ ಎಂಬ ಲಾಭರಹಿತ ಸಂಸ್ಥೆಯ ಬಗ್ಗೆ ಬರೆಯಿತು. ಕರ್ನಾಟಕದ ಹಳ್ಳಿಗಳ ಹೆಣ್ಣುಮಕ್ಕಳು ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿ, ಗಂಟೆಗೆ ಸುಮಾರು 5 ಡಾಲರ್ ಪಡೆಯುತ್ತಿದ್ದರು. ಅವರ ದನಿಯನ್ನು ಮತ್ತೊಬ್ಬರಿಗೆ ಮಾರಿದರೆ ಮತ್ತೆ ಪಾಲು ಕೊಡುವುದು ಆ ಸಂಸ್ಥೆಯ ನಿಯಮ. ಆದರೆ ಇದು ಕೆಲವೇ ಕಾಲದ ಕೆಲಸ, ಸ್ಥಿರ ನೌಕರಿಯಲ್ಲ ಎಂಬುದನ್ನೂ ಮರೆಯಬಾರದು. ಯಂತ್ರ ಎರಡೂ ಕಡೆ ಒಂದೇ, ಕರಾರು ಮಾತ್ರ ಬೇರೆ.

ಕರಾರಿನ ಬೆಲೆ ಗೋವೆಯವರಿಗೆ ಗೊತ್ತು. ವರ್ಷಗಟ್ಟಲೆ ಕೆಪೆ, ಸಾಂಗೆಯ ಗುಡ್ಡಗಳ ಅದಿರು ಲಾರಿಗಳಲ್ಲಿ ಹೋಯಿತು. 2012ರಲ್ಲಿ ಗಣಿಗಾರಿಕೆ ನಿಂತಿತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅದಿರು ಮಾರಿದ ಹಣದ ಶೇ. 10ರಷ್ಟನ್ನು ಶಾಶ್ವತ ನಿಧಿಯಾಗಿ ಕಾದಿಡಬೇಕೆಂದು ಆದೇಶಿಸಿತು. ಮುಂದಿನ ಪೀಳಿಗೆಗೂ ಅದರಲ್ಲಿ ಹಕ್ಕಿದೆ ಎಂಬುದೇ ಅದರ ತಿರುಳು. ನಮ್ಮ ನುಡಿಯಿಂದ ಹುಟ್ಟುವ ಲಾಭಕ್ಕೂ ಇದೇ ನ್ಯಾಯ ಸಲ್ಲಬೇಕು: ಆಡಿದವರಿಗೆ ಕೂಲಿ, ಆ ನುಡಿಯನ್ನು ಉಳಿಸುವ ಶಾಲೆಗೆ ಒಂದು ಪಾಲು.

ಹೀಗೆ ಬೆಲೆ ಕೇಳುತ್ತ ಕುಳಿತರೆ ಕನ್ನಡ ಹಿಂದೆ ಬೀಳುವುದಿಲ್ಲವೇ ಎಂದು ಕೆಲವರು ಕೇಳಬಹುದು. ದನಿ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ವಿಜಾಪುರ, ಗದಗ ಕಡೆಯ ನಮ್ಮ ಮಾತು, ಕೊಂಕಣಿ ಬೆರೆತ ನಮ್ಮ ಮಕ್ಕಳ ಮಾತು ಯಂತ್ರಕ್ಕೆ ತಿಳಿಯದಿದ್ದರೆ ನಾಳೆ ಆಸ್ಪತ್ರೆ, ಬ್ಯಾಂಕುಗಳಲ್ಲಿ ಅದು ನಮ್ಮನ್ನೇ ತಪ್ಪು ತಿಳಿಯುತ್ತದೆ. ಆದ್ದರಿಂದ ಕೊಡೋಣ, ಆದರೆ ಕೇಳಿ ಕೊಡೋಣ. ಒಮ್ಮೆ ಮುದ್ರಿಸಿಕೊಂಡ ದನಿಯನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಆಮೇಲೆ ಕೇಳುವ ಬೆಲೆಗೆ ಬಲವಿರುವುದಿಲ್ಲ.

ಯಾರಾದರೂ ಫೋನು ಹಿಡಿದು ಬಂದರೆ ನಾಲ್ಕು ಪ್ರಶ್ನೆ ಕೇಳಿರಿ. ದನಿ ಯಾರಿಗೆ, ಯಾವ ಕೆಲಸಕ್ಕೆ? ಗಂಟೆಗೆ ಎಷ್ಟು, ಯಾವಾಗ? ಮರುಮಾರಾಟದಲ್ಲಿ ಪಾಲುಂಟೆ? ಬೇಡವೆಂದರೆ ಅಳಿಸುವಿರಾ? ಉತ್ತರ ಕನ್ನಡದಲ್ಲಿ, ಬರಹದಲ್ಲಿ ಬರಲಿ. ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನೀವು ಹೂಂ ಎನ್ನದೆ ಯಾರೂ ಮಗುವಿನ ದನಿ ಒಯ್ಯಬಾರದು.

ಬರುವ ಪಾಲಕರ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಠರಾವಾಗಿ ಬರೆಸಿರಿ. ಒಬ್ಬೊಬ್ಬರೇ ಕೇಳಿದರೆ ಅದು ಬೇಡಿಕೆ, ಶಾಲೆಯೇ ಕೇಳಿದರೆ ಅದು ಕರಾರು.