ಅತಿಥಿಯಾದ ಉಪನ್ಯಾಸಕ

‘ಉಪನ್ಯಾಸ’ವೆಂದರೆ ಭಾಷಣವೆಂಬ ಅರ್ಥ ಇಂದು ರೂಢವಾಗಿದೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಸಮೀಪದಲ್ಲಿ ಇರಿಸುವುದು. ‘ಲೆಕ್ಚರ್’ ಎಂಬುದೂ ಓದುವ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು; ಮಧ್ಯಯುಗದ ಯುರೋಪಿನಲ್ಲಿ ಅಧ್ಯಾಪಕನು ಗ್ರಂಥವನ್ನು ಓದಿ ವಿವರಿಸುತ್ತಿದ್ದನು. ಜೈನ ಪರಂಪರೆ ಸ್ವಾಧ್ಯಾಯವನ್ನು ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶಗಳೆಂದು ಐದಾಗಿ ಎಣಿಸುತ್ತದೆ. ಉಪದೇಶ ಕೊನೆಯದು. ಅದಕ್ಕೆ ಮೊದಲು ಓದು, ಪ್ರಶ್ನೆ, ಮನನ, ಶುದ್ಧಪಾಠಗಳಿವೆ.

ಇಂದಿನ ನೇಮಕಾತಿ ಪದ್ಧತಿ ಈ ನಾಲ್ಕನ್ನು ಕೈಬಿಟ್ಟು ಕೊನೆಯದಕ್ಕೆ ಮಾತ್ರ ಬೆಲೆ ಕಟ್ಟುತ್ತಿದೆ. ಯುಜಿಸಿಯ 2010ರ ನಿಯಮಾವಳಿಯಲ್ಲಿ ಉಪನ್ಯಾಸಕ, ರೀಡರ್ ಎಂಬ ಪದನಾಮಗಳ ಸ್ಥಾನಕ್ಕೆ ಸಹಾಯಕ ಮತ್ತು ಸಹ ಪ್ರಾಧ್ಯಾಪಕರು ಬಂದರು. ಪದವಿ ಕಾಲೇಜುಗಳಲ್ಲಿ ‘ಉಪನ್ಯಾಸಕ’ ಎಂಬ ಪದ ಈಗ ಬಹುಮಟ್ಟಿಗೆ ‘ಅತಿಥಿ’ ಎಂಬ ವಿಶೇಷಣದೊಡನೆ ಉಳಿದಿದೆ. ಅತಿಥಿಯೆಂದರೆ ನಿಲ್ಲದೆ ಹೋಗುವವನು. ಕರ್ನಾಟಕದ ಸರ್ಕಾರಿ ಕಾಲೇಜುಗಳ ಸಾವಿರಾರು ಮಂದಿಯನ್ನು ವಾರದ ಬೋಧನಾವಧಿಯಿಂದ ಅಳೆದು, ವರ್ಷವರ್ಷವೂ ಹೊಸದಾಗಿ ಕರೆಯಲಾಗುತ್ತದೆ. ತರಗತಿಗಳು ನಡೆಯುತ್ತಿವೆಯಲ್ಲ ಎಂಬುದು ಇದರ ಸಮರ್ಥನೆ.

ತರಗತಿ ನಡೆಯುವುದೇ ಉಪನ್ಯಾಸಕತ್ವವಾಗಿದ್ದರೆ ಆ.ನೇ. ಉಪಾಧ್ಯೆಯವರ ಕೆಲಸ ನಡೆಯುತ್ತಿರಲಿಲ್ಲ. ಸದಲಗದಲ್ಲಿ ಜನಿಸಿದ ಅವರು 1930ರಲ್ಲಿ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. ಮೂರು ದಶಕ ಅಲ್ಲಿಯೇ ಇದ್ದರು. ಆ ಅವಧಿಯಲ್ಲಿ 1935ರಲ್ಲಿ ಕುಂದಕುಂದರ ‘ಪ್ರವಚನಸಾರ’ವೂ, 1959ರಲ್ಲಿ ಜೈಸಲ್ಮೇರಿನ ತಾಳೆಯೋಲೆ ಮತ್ತು ಪುಣೆಯ ಕಾಗದದ ಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ‘ಕುವಲಯಮಾಲಾ’ದ ಮೂಲಪಾಠವೂ ಹೊರಬಂದವು. ಮೈಸೂರು ವಿಶ್ವವಿದ್ಯಾನಿಲಯ 1971ರಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತಕ್ಕೆ ಪ್ರಾಧ್ಯಾಪಕರನ್ನು ಹುಡುಕಿದಾಗ ಅವರು ಸಿದ್ಧರಾಗಿದ್ದರು. ಆ ಸಿದ್ಧತೆಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ ನಿಗದಿಪಡಿಸುವ ಬಗೆಯಾವುದು?

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಗಂಗರ ಕಾಲದ ಶಾಸನವೊಂದು ಬಸದಿಯ ಸಲುವಾಗಿ ಕುಮಾರಸೇನ ಭಟಾರರಿಗೆ ಬಿಳಿಯಕ್ಕಿ, ತುಪ್ಪ ಮುಂತಾದವನ್ನು ದತ್ತಿಯಾಗಿ ಬಿಟ್ಟುದನ್ನು ಹೇಳುತ್ತದೆ. ಅದು ವಿಶ್ವವಿದ್ಯಾಲಯದ ಹುದ್ದೆಯಲ್ಲ. ಎರಡನ್ನೂ ಸಮೀಕರಿಸುವುದು ತಪ್ಪು. ಆದರೆ ದತ್ತಿಯ ತತ್ತ್ವ ಸ್ಪಷ್ಟ: ಧರ್ಮಕಾರ್ಯ ನಿಲ್ಲದೆ ಸಾಗಬೇಕಾದರೆ ಅದನ್ನು ನಡೆಸುವವರ ಅನ್ನ ಮೊದಲು ನೆಲೆಗೊಳ್ಳಬೇಕು. ಬಿಳಿಯಕ್ಕಿಯನ್ನು ಪ್ರವಚನದ ಗಳಿಗೆಗಳಿಂದ ಅಳೆಯಲಿಲ್ಲ.

ಹಳಗನ್ನಡದ ಓಲೆಯನ್ನು ಓದಬಲ್ಲ, ಪಾಠಾಂತರವನ್ನು ನಿರ್ಣಯಿಸಬಲ್ಲ ವಿದ್ವಾಂಸರು ವಿರಳರಾಗುತ್ತಿದ್ದಾರೆಂದು ವಿಶ್ವವಿದ್ಯಾಲಯಗಳೇ ವಿಚಾರಸಂಕಿರಣಗಳಲ್ಲಿ ಮರುಗುತ್ತವೆ. ಆ ಮರುಕ ಪ್ರಾಮಾಣಿಕವಾದರೆ ಖಾಲಿ ಹುದ್ದೆಗಳಿಗೆ ಖಾಯಂ ನೇಮಕವಾಗಲಿ. ಗ್ರಂಥವನ್ನು ಶಿಷ್ಯನ ಸಮೀಪದಲ್ಲಿ ಇರಿಸಬೇಕಾದವನಿಗೆ ಮೊದಲು ತಾನು ಆ ಗ್ರಂಥದ ಸಮೀಪದಲ್ಲಿ ಕುಳಿತಿರುವಷ್ಟು ಕಾಲ ಬೇಕು.